8.05ರಲ್ಲಿ ಒಂದು ತಗ್ಗು: ಗುಂಪಿನ ಭಾನುವಾರದ ಪ್ರಶ್ನೋತ್ತರ

ನಿರ್ವಾಹಕ: ಸಂಜೆ ಏಳರವರೆಗೆ ಖಗೋಳವಿಜ್ಞಾನಿ ಮೇಡಂ ನಮ್ಮೊಡನೆ ಇರುತ್ತಾರೆ. ಗೆಲಾಕ್ಸಿಯ ಕೇಂದ್ರದಲ್ಲಿರುವ ಕಪ್ಪುಕುಳಿ, ಅದರ ಸುತ್ತಲಿನ ಅನಿಲ, ಎಕ್ಸ್-ರೇ ದೂರದರ್ಶಕ: ಇಷ್ಟನ್ನೇ ಕೇಳಿ. ಶುಭಸಂಜೆಯ ಚಿತ್ರಗಳು ಬೇಡ.

ಬ್ಯಾಂಕ್ ಉದ್ಯೋಗಿ, ದಾವಣಗೆರೆ: ಕಪ್ಪುಕುಳಿಯಿಂದ ಬೆಳಕೇ ಹೊರಬರುವುದಿಲ್ಲ ಎನ್ನುತ್ತಾರೆ. ಎಕ್ಸ್-ರೇ ಎಲ್ಲಿಂದ ಬರುತ್ತದೆ ಮೇಡಂ?

ಮೇಡಂ: ಕುಳಿಯಿಂದಲ್ಲ. ಒಳಗೆ ಬೀಳುವ ಮೊದಲು ಅನಿಲ ತಟ್ಟೆಯಂತೆ ಸುತ್ತುತ್ತಾ ಕಾಯುತ್ತದೆ. ಕುಳಿಯ ಹತ್ತಿರದಲ್ಲೇ ಇರುವ ಕರೋನಾ ಎಂಬ ಅತಿಬಿಸಿ ಅನಿಲ ಆ ತಟ್ಟೆಯ ಬೆಳಕನ್ನು ಎಕ್ಸ್-ರೇ ಮಟ್ಟಕ್ಕೆ ಏರಿಸುತ್ತದೆ. ಅದು ನಮ್ಮ ಕಡೆ ಬರುವಾಗ ಯಾವ ಅನಿಲವನ್ನು ಹಾದು ಬಂತೋ ಅದರ ಗುರುತು ಉಳಿಯುತ್ತದೆ. ನಾವು ಓದುವುದು ಆ ಗುರುತನ್ನು.

ಎಂಎಸ್ಸಿ ವಿದ್ಯಾರ್ಥಿನಿ, ಶಿವಮೊಗ್ಗ: ಮೇಡಂ, ಪ್ರಾಜೆಕ್ಟ್‌ಗಾಗಿ ಎಕ್ಸ್‌ಎಂಎಂ-ನ್ಯೂಟನ್‌ನ (ಯುರೋಪಿನ ಎಕ್ಸ್-ರೇ ದೂರದರ್ಶಕ) ಹಳೆಯ ದತ್ತಾಂಶ ತೆಗೆದುಕೊಂಡಿದ್ದೇನೆ. ಒಂದು ಸೇಫರ್ಟ್ ಗೆಲಾಕ್ಸಿ (ಕೇಂದ್ರದ ಕಪ್ಪುಕುಳಿ ಅನಿಲ ನುಂಗುತ್ತಾ ಬೆಳಗುವಂಥದ್ದು), ಕೆಂಪುಪಲ್ಲಟ, ಅಂದರೆ ದೂರ ಸರಿಯುವುದರಿಂದ ಬೆಳಕು ಕೆಂಪಿನತ್ತ ಜರುಗುವ ಅಳತೆ, 0.02. 6.4 ಕೆಇವಿಯ (ಎಕ್ಸ್-ರೇ ಶಕ್ತಿಯ ಅಳತೆ, 1 ಕೆಇವಿ ಎಂದರೆ 1000 ಇವಿ) ಕಬ್ಬಿಣದ ಗೆರೆ ಚೆನ್ನಾಗಿ ಕಾಣುತ್ತದೆ. 8.05ರಲ್ಲಿ ಒಂದು ತಗ್ಗು ಇದೆ, ಅಲ್ಲಿನ ಎಕ್ಸ್-ರೇಯನ್ನು ಏನೋ ಹೀರಿದಂತೆ. ಅದು 6.97ರಲ್ಲಿ ಹೀರುವ ಕಬ್ಬಿಣವೇ ಆಗಿ, ನಮ್ಮತ್ತ ಧಾವಿಸುವುದರಿಂದ ಮೇಲಕ್ಕೆ ಸರಿದಿದ್ದರೆ, ಅನಿಲದ ವೇಗ ಬೆಳಕಿನ ವೇಗದ ಶೇ. 16 ಆಗುತ್ತದೆ. ಪಿಡಿಎಸ್ 456 ಎಂಬ ಕ್ವೇಸಾರ್‌ನಲ್ಲಿ (ಕಪ್ಪುಕುಳಿಯಿಂದಾಗಿ ಅತಿ ಪ್ರಕಾಶಮಾನವಾದ ಗೆಲಾಕ್ಸಿ ಕೇಂದ್ರ) ಕಂಡಂಥ ಗಾಳಿಯೇ, ಅಂದರೆ ಕುಳಿಯ ಬಳಿಯಿಂದ ಹೊರಚಿಮ್ಮುವ ಅನಿಲವೇ, ಇದು? ಗುರುವಾರ ಮೌಖಿಕ ಪರೀಕ್ಷೆ.

ವ್ಯಾಪಾರಿ, ತುಮಕೂರು: *ತುರ್ತು!! ಇಂದು ರಾತ್ರಿ 12.30ರಿಂದ 3.30ರವರೆಗೆ ಬಾಹ್ಯಾಕಾಶದ ಕಿರಣಗಳು ಭೂಮಿಯ ಸಮೀಪ ಹಾದುಹೋಗುತ್ತವೆ. ಮೊಬೈಲ್ ಆರಿಸಿ ದೂರವಿಡಿ. ತಲೆದಿಂಬಿನ ಕೆಳಗೆ ತುಳಸಿ ಇಡಿ. ಎಲ್ಲರಿಗೂ ಕಳುಹಿಸಿ.*

ಮೇಡಂ: ಈ ಸಂದೇಶ ವರ್ಷಗಳಿಂದ ‘ಇಂದು ರಾತ್ರಿ’ಯೇ ಬರುತ್ತಿದೆ. ಎಕ್ಸ್-ರೇಯನ್ನು ನಮ್ಮ ವಾತಾವರಣವೇ ತಡೆಯುತ್ತದೆ. ಅದಕ್ಕೇ ದೂರದರ್ಶಕವನ್ನು ರಾಕೆಟ್‌ನಲ್ಲಿ ಮೇಲೆ ಕಳುಹಿಸಬೇಕಾಗಿದೆ. ತುಳಸಿ ಕಟ್ಟೆಯಲ್ಲೇ ಇರಲಿ.

ಶಿವಮೊಗ್ಗದವರೇ, ನಿಮ್ಮ ಲೆಕ್ಕ ಸರಿ, ಆದರೆ 8.05 ಎಂಬ ಸಂಖ್ಯೆಯೇ ನನಗೆ ಭಯ ಹುಟ್ಟಿಸುತ್ತಿದೆ. ಅದು ತಾಮ್ರದ ಗೆರೆ ಇರುವ ಜಾಗ. ಎಕ್ಸ್‌ಎಂಎಂ-ನ್ಯೂಟನ್‌ನ ಪಿಎನ್ ಕ್ಯಾಮೆರಾದ ಹಿಂದಿನ ಸರ್ಕ್ಯೂಟ್ ಹಲಗೆಯಲ್ಲಿ ತಾಮ್ರವಿದೆ. ಹಲಗೆಯ ನಡುವೆ ತೂತಿರುವುದರಿಂದ ಚಿತ್ರದ ಮಧ್ಯದಲ್ಲಿ ಆ ಗೆರೆ ಕ್ಷೀಣ, ಅಂಚಿಗೆ ಹೋದಂತೆ ಜೋರು. ನಿಮ್ಮ ಗೆಲಾಕ್ಸಿ ಮಧ್ಯದಲ್ಲಿದೆ. ಗೆಲಾಕ್ಸಿಯ ಅಳತೆಯಿಂದ ಕಳೆಯಲು ಖಾಲಿ ಜಾಗದಲ್ಲಿ ಎಳೆಯುವ ಹಿನ್ನೆಲೆಯ ವೃತ್ತವನ್ನು ಎಲ್ಲಿ ಹಾಕಿದ್ದೀರಿ? ಅಂಚಿನಲ್ಲಾದರೆ, ಗೆಲಾಕ್ಸಿಯ ಮೇಲೆ ಇಲ್ಲದ ತಾಮ್ರವನ್ನು ಕಳೆದಿದ್ದೀರಿ. ಇಲ್ಲದ್ದನ್ನು ಕಳೆದರೆ ತಗ್ಗು ಬೀಳದೆ ಇರುತ್ತದೆಯೇ? ನಾನೂ ಒಮ್ಮೆ ಇದೇ ಹಳ್ಳಕ್ಕೆ ಬಿದ್ದು ಎರಡು ವಾರ ಸಂಭ್ರಮಿಸಿದ್ದೇನೆ.

ವೃತ್ತವನ್ನು ಗೆಲಾಕ್ಸಿಯ ಪಕ್ಕಕ್ಕೆ ತನ್ನಿ. ಆಮೇಲೂ ತಗ್ಗು ಉಳಿದರೆ, ಗೆರೆಯೇ ಇಲ್ಲದ ಸಾವಿರ ಕೃತಕ ವರ್ಣಪಟಲಗಳನ್ನು ಮಾಡಿ, 7ರಿಂದ 10ರ ನಡುವೆ ಎಲ್ಲಾದರೂ ಇಷ್ಟೇ ಆಳದ ತಗ್ಗು ಎಷ್ಟು ಸಲ ತಾನಾಗಿ ಹುಟ್ಟುತ್ತದೆ ಎಂದು ಎಣಿಸಿ. ಪಿಡಿಎಸ್ 456ರ ಹೋಲಿಕೆ ಈಗಲೇ ಬೇಡ. ಅಲ್ಲಿ 2024ರಲ್ಲಿ ಜಪಾನಿನ ಕ್ರಿಸ್ಮ್ ದೂರದರ್ಶಕ, ಬೆಳಕಿನ ವೇಗದ ಶೇ. 20ರಿಂದ 30ರಲ್ಲಿ ಓಡುವ ಐದು ಅನಿಲಧಾರೆಗಳನ್ನು ಬೇರೆಬೇರೆಯಾಗಿ ಬಿಡಿಸಿ ತೋರಿಸಿತು. ಅದರ ಸಂವೇದಕ ಸುಮಾರು 5 ಇವಿ ಅಂತರವನ್ನೂ ಗುರುತಿಸುತ್ತದೆ. ಪಿಎನ್‌ಗೆ 150 ಇವಿ ಬೇಕು.

ನಿವೃತ್ತ ಮೇಷ್ಟರು, ಶಿರಸಿ: ‘ಕ್ಷ-ಕಿರಣ’ ಎಂಬ ಒಳ್ಳೆಯ ಪದವಿರುವಾಗ ‘ಎಕ್ಸ್-ರೇ’ ಏಕೆ?

ಔಷಧ ಅಂಗಡಿ, ಮಂಡ್ಯ: ಮೇಷ್ಟರೇ, ನಮ್ಮ ಅಂಗಡಿಗೆ ಬಂದು ಯಾರೂ ಕ್ಷ-ಕಿರಣ ಎಲ್ಲಿ ತೆಗೆಯುತ್ತಾರೆ ಎಂದು ಕೇಳಿಲ್ಲ.

ಶಿರಸಿ: ಕೇಳುವುದನ್ನು ಕಲಿಸಿಲ್ಲ, ಕೇಳಿಲ್ಲ. ಅಂಗಡಿಯವರು ಭಾಷೆಯನ್ನು ನಿರ್ಧರಿಸಬೇಕೇ?

ಮಂಡ್ಯ: ಅಂಗಡಿಯವರೂ ಕನ್ನಡಿಗರೇ. ಪಾಠ ಸಾಕು.

ಗೃಹಿಣಿ, ಹುಬ್ಬಳ್ಳಿ: ಮಗಳು ಪಿಯುಸಿ ಓದುತ್ತಿದ್ದಾಳೆ. ಇದನ್ನೇ ಓದಬೇಕಂತೆ. ಮುಂದೆ ಯಾವ ವಿಷಯ ತೆಗೆದುಕೊಳ್ಳಬೇಕು ಮೇಡಂ?

ಗುತ್ತಿಗೆದಾರ, ಕಲಬುರಗಿ: ಕಪ್ಪುಕುಳಿಯಿಂದ ಬೆಳಕು ಬರುವುದಿಲ್ಲವಲ್ಲ, ಎಕ್ಸ್-ರೇ ಹೇಗೆ?

ಮೇಡಂ: ಮೇಲೆ ಓದಿ.

ಎಂಜಿನಿಯರ್, ಮೈಸೂರು: ಈ ತಗ್ಗನ್ನು ನಮ್ಮ ದೇಶದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನಿಂದ ಪರೀಕ್ಷಿಸಬಹುದೇ?

ಮೇಡಂ: ಅದರ ಮೃದು ಎಕ್ಸ್-ರೇ ದೂರದರ್ಶಕದ ವ್ಯಾಪ್ತಿ 0.3ರಿಂದ 8 ಕೆಇವಿ. ತಗ್ಗು ಇರುವುದು 8.05ರಲ್ಲಿ.

ತುಮಕೂರು: ವಿಜ್ಞಾನಿಗಳಿಗೆ ಎಲ್ಲ ಗೊತ್ತಿದೆಯೇ? ಮೊಬೈಲ್‌ಗೆ ಅಂಟಿಸುವ ವಿಕಿರಣ ನಿರೋಧಕ ಚಿಪ್ ನನ್ನಲ್ಲಿದೆ, 499 ರೂಪಾಯಿ. ಎದೆಯ ಎಕ್ಸ್-ರೇ ಕೂಡ ತೆಗೆಸಬಾರದು, ದೇಹದಲ್ಲಿ ಉಳಿಯುತ್ತದೆ.

ಮೇಡಂ: ಉಳಿಯುವುದಿಲ್ಲ. ಯಂತ್ರ ನಿಂತ ಕೂಡಲೇ ಎಕ್ಸ್-ರೇಯೂ ಮುಗಿಯಿತು. ವೈದ್ಯರು ಬರೆದುಕೊಟ್ಟಿದ್ದರೆ ಇವರ ಮಾತು ಕೇಳಿ ಯಾರೂ ತಪ್ಪಿಸಬೇಡಿ. ಆ ಚಿಪ್ ಕೊಳ್ಳಬೇಡಿ. ನಿರ್ವಾಹಕರೇ, ಇದು ಸಂತೆಯೇ?

ನಿರ್ವಾಹಕ: ತುಮಕೂರಿನವರನ್ನು ಗುಂಪಿನಿಂದ ತೆಗೆಯಲಾಗಿದೆ.

ಶಿರಸಿ: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಮಂಡ್ಯ: ಬರುವುದೂ ಇಲ್ಲ.

ಹುಬ್ಬಳ್ಳಿ: ಮೇಡಂ, ಮಗಳ ವಿಷಯ?

ನಿವೃತ್ತ ಅಧಿಕಾರಿ, ಉಡುಪಿ: ಕಪ್ಪುಕುಳಿಯಿಂದ ಬೆಳಕೇ ಬರದಿದ್ದರೆ...

ಶಿವಮೊಗ್ಗ: ಮೇಡಂ, ವೃತ್ತ ಅಂಚಿನಲ್ಲೇ ಇತ್ತು. ಪಕ್ಕಕ್ಕೆ ತಂದೆ. ತಗ್ಗು ಅರ್ಧಕ್ಕೆ ಇಳಿಯಿತು, ಪೂರ್ತಿ ಹೋಗಲಿಲ್ಲ.

ಮೇಡಂ: ಎರಡೂ ವರ್ಣಪಟಲಗಳನ್ನು ನನಗೇ ಕಳುಹಿಸಿ, ಇಲ್ಲಿ ಬೇಡ. ಕೃತಕ ವರ್ಣಪಟಲಗಳನ್ನು ಈ ರಾತ್ರಿಯೇ ಓಡಿಸಿ.