ಇಎಂಪಿ ಬಡಿದು ಗ್ರಿಡ್ ಬಿದ್ದರೆ: ಮೊದಲು ಫ್ಯಾರಡೆ ಡಬ್ಬವೋ, ಸಂಪೋ?

ಹೆಬ್ಬಾಳ_ಓಮ್: ಇಎಂಪಿ ಅಂದರೆ ಎತ್ತರದಲ್ಲಿ ಸಿಡಿದ ಅಣುಬಾಂಬಿನಿಂದ ಬರುವ ವಿದ್ಯುತ್ಕಾಂತೀಯ ಅಲೆ, ಎಲೆಕ್ಟ್ರಾನಿಕ್ಸ್ ಸುಡಬಹುದು. ಅದನ್ನು ತಡೆಯುವ ಲೋಹದ ಪೆಟ್ಟಿಗೆಯೇ ಫ್ಯಾರಡೆ ಡಬ್ಬ. ಮುಚ್ಚಳ ಬಿಗಿಯಾಗಿ ಕೂರುವ ತಗಡಿನ ಡಬ್ಬ ತಗೊಳ್ಳಿ. ಬಾಯಂಚಿನ ಬಣ್ಣವನ್ನು ಎಮರಿ ಪೇಪರಿನಲ್ಲಿ ಉಜ್ಜಿ ಲೋಹ ಕಾಣಿಸಿ. ಬಣ್ಣ ಉಳಿದರೆ ಮುಚ್ಚಳಕ್ಕೂ ಡಬ್ಬಕ್ಕೂ ಸಂಪರ್ಕ ಸಿಗದೆ ಸುತ್ತ ಸೀಳು ಬಿಟ್ಟಂತೆ. ಒಳಗೆ ಪೂರ್ತಿ ರಟ್ಟು ಹಾಸಿ, ರೇಡಿಯೊ, ಎಲ್‌ಇಡಿ ಟಾರ್ಚ್, ಒಂದು ಹೆಚ್ಚುವರಿ ಚಾರ್ಜ್ ಕಂಟ್ರೋಲರ್ (ಸೋಲಾರ್ ಪ್ಯಾನೆಲಿನಿಂದ ಬ್ಯಾಟರಿ ಚಾರ್ಜಾಗುವುದನ್ನು ನಿಯಂತ್ರಿಸುವ ಸಾಧನ) ಇಡಿ. ಪರೀಕ್ಷೆಗೆ ಎಫ್‌ಎಂ 101.3 ಜೋರಾಗಿ ಹಚ್ಚಿ ಒಳಗಿಟ್ಟು ಮುಚ್ಚಿ. ಹಾಡು ಕೇಳಿದರೆ ಡಬ್ಬ ಸೋರುತ್ತಿದೆ. ಮೈಕ್ರೊವೇವ್ ಒಲೆ ನಂಬಬೇಡಿ, ಅದರ ಬಾಗಿಲು 2.45 ಗಿಗಾಹರ್ಟ್ಸ್‌ಗೆ ಮಾಡಿದ್ದು.

ಸಂಪ್_ರಾಯರು: ಡಬ್ಬ ಇರಲಿ ಸ್ವಾಮಿ, ಕುಡಿಯೋಕೆ? ಬೆಂಗಳೂರಿಗೆ ಕಾವೇರಿ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪಾಗಿ ಸುಮಾರು 500 ಮೀಟರ್ ಮೇಲೆ ಹತ್ತಿ ಬರೋದು. ಕರೆಂಟಿಲ್ಲ ಅಂದ್ರೆ ನಲ್ಲಿ ಇಲ್ಲ, ಬೋರೂ ಇಲ್ಲ. ನಾಲ್ಕು ಜನಕ್ಕೆ ಕುಡಿಯೋಕೆ, ಅಡುಗೆಗೆ ತಲಾ 4 ಲೀಟರ್, 14 ದಿನಕ್ಕೆ 224 ಲೀಟರ್. ಓವರ್‌ಹೆಡ್ ಟ್ಯಾಂಕಿನ ಗೇಟ್‌ವಾಲ್ವ್ ಮೊದಲ ಗಂಟೆಯಲ್ಲೇ ಮುಚ್ಚಿ, ಇಲ್ಲಾಂದ್ರೆ ಫ್ಲಶ್‌ನಲ್ಲೇ ಖಾಲಿ.

ಹೆಬ್ಬಾಳ_ಓಮ್: ಸಂಪ್ ಪಂಪನ್ನು ಇನ್ವರ್ಟರ್‌ಗೆ ಹಾಕಿದರಾಯ್ತಲ್ಲ?

ಸಂಪ್_ರಾಯರು: ಆಗಲ್ಲ. ಅರ್ಧ ಎಚ್‌ಪಿ ಮೋಟರ್ ಶುರುವಾಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತೆ, 900 ವಿಎ ಇನ್ವರ್ಟರ್ ಟ್ರಿಪ್. ಕೈಪಂಪು ಹಾಕಿ. ಹೀರುವ ಪಂಪು ಆರೇಳು ಮೀಟರ್ ಎತ್ತುತ್ತೆ, ಸಂಪಿನ ಆಳ ಎರಡು-ಮೂರು ಮೀಟರ್ ಅಷ್ಟೆ. ಆರ್‌ಒ ಸತ್ತಿರುತ್ತೆ, ಕುದಿಸಿ, ಇಲ್ಲಾ ವಾಸನೆ ಸೇರಿಸದ 5% ಬ್ಲೀಚ್ ಲೀಟರಿಗೆ 2 ಹನಿ ಹಾಕಿ 30 ನಿಮಿಷ ಬಿಡಿ.

ವಿಜಯನಗರ_ವೈರ್: ಸೂರ್ಯನ ಬಿರುಗಾಳಿ ಬೇರೆ, ಬಾಂಬಿನ ಇಎಂಪಿ ಬೇರೆ, ಕಲಸಬೇಡಿ. 1989ರ ಮಾರ್ಚ್‌ನಲ್ಲಿ ಕೆನಡಾದ ಕ್ವಿಬೆಕ್ ಒಂಬತ್ತು ಗಂಟೆ ಕತ್ತಲಾಗಿದ್ದು ಸೂರ್ಯನಿಂದ, ಉದ್ದನೆ ಲೈನುಗಳಲ್ಲಿ ಹರಿದ ನೆಲಪ್ರವಾಹದಿಂದ. ಧ್ರುವದಿಂದ ದೂರದ ನಮಗೆ ಆ ಹೊಡೆತ ಕಡಿಮೆ, ಮುನ್ಸೂಚನೆಯೂ ಸಿಗುತ್ತೆ, ಪ್ಲಗ್ ಕೀಳಬಹುದು. ಬಾಂಬಿನ ಮೊದಲ ಅಲೆಗೆ ನ್ಯಾನೊಸೆಕೆಂಡ್ ಸಾಕು. ಡಬ್ಬ ಸದಾ ಮುಚ್ಚೇ ಇರಬೇಕು.

ಸಂಪ್_ರಾಯರು: ಹಾಗಾದ್ರೆ ಬೆಂಗಳೂರಿಗೆ ಭಯವಿಲ್ಲ ಅಂತೀರಾ?

ವಿಜಯನಗರ_ವೈರ್: ಹಾಗಲ್ಲ. 2012ರ ಜುಲೈ 30, 31ರಂದು ಉತ್ತರ ಭಾರತದ ಗ್ರಿಡ್ ಬಿದ್ದಾಗ ದಕ್ಷಿಣ ಗ್ರಿಡ್ ಉಳಿದಿದ್ದು ಬೇರೆಯಾಗಿ ಓಡುತ್ತಿದ್ದುದಕ್ಕೆ. 2013ರ ಡಿಸೆಂಬರ್ 31ಕ್ಕೆ ರಾಯಚೂರು-ಸೊಲ್ಲಾಪುರ ಲೈನಿನಿಂದ ಒಂದಾಯ್ತು, ಆ ಗೋಡೆ ಈಗಿಲ್ಲ.

ಸೋಲಾರ್_ಸುಮಾ: ಚಾವಣಿ ಮೇಲೆ ಪ್ಯಾನೆಲ್ ಇದೆ ಅಂತ ನೆಮ್ಮದಿಯಾಗಿರೋರು ಬಿಲ್ ನೋಡ್ಕೊಳ್ಳಿ. ನೆಟ್ ಮೀಟರಿಂಗ್‌ನ (ಉಳಿದ ಕರೆಂಟನ್ನು ಗ್ರಿಡ್‌ಗೆ ಕೊಡೋ ವ್ಯವಸ್ಥೆ) ಗ್ರಿಡ್‌ಟೈ ಇನ್ವರ್ಟರ್ ಗ್ರಿಡ್ ಹೋದ ತಕ್ಷಣ ಆಫ್ ಆಗುತ್ತೆ, ಕಂಬದಲ್ಲಿರೋ ಲೈನ್‌ಮನ್‌ಗೆ ಶಾಕ್ ಹೊಡೀಬಾರದಲ್ಲ. ಬ್ಯಾಟರಿಯಿರುವ ಹೈಬ್ರಿಡ್ ಬೇಕು. 12 ವೋಲ್ಟ್ 150 ಎಎಚ್ ಟ್ಯೂಬುಲರ್ ಬ್ಯಾಟರಿಯಲ್ಲಿ ಅರ್ಧದಷ್ಟೇ ಬಳಸಿದ್ರೆ, ಇನ್ವರ್ಟರ್ ನಷ್ಟ ಕಳೆದು 750 ವ್ಯಾಟ್‌ಅವರ್: ಕಡಿಮೆ ಕರೆಂಟ್ ಎಳೆಯೋ ಎರಡು ಬಿಎಲ್‌ಡಿಸಿ ಫ್ಯಾನ್, ನಾಲ್ಕು ಬಲ್ಬ್, ಏಳೆಂಟು ಗಂಟೆ. ಅದಕ್ಕೆ 330 ವ್ಯಾಟ್ ಪ್ಯಾನೆಲ್ ಹಾಕೋದಾದ್ರೆ ಪ್ಯಾನೆಲಿನ ಹೆಚ್ಚಿನ ವೋಲ್ಟೇಜನ್ನೂ ಬಳಸಿಕೊಳ್ಳೋ ಎಂಪಿಪಿಟಿ ಚಾರ್ಜ್ ಕಂಟ್ರೋಲರೇ ಹಾಕಿ. ಆ ವೋಲ್ಟೇಜನ್ನು ಪೋಲು ಮಾಡೋ ಅಗ್ಗದ ಪಿಡಬ್ಲ್ಯೂಎಂ ಕಂಟ್ರೋಲರ್ ಹಾಕಿದ್ರೆ ಮೂರನೇ ಒಂದು ಭಾಗ ಮಾತ್ರ ಬ್ಯಾಟರಿಗೆ ಹೋಗುತ್ತೆ.

ಸಂಪ್_ರಾಯರು: ಅಪಾರ್ಟ್‌ಮೆಂಟಿನವರಿಗೆ ಇನ್ನೊಂದು. ಎಸ್‌ಟಿಪಿಯ (ಕೊಳಚೆ ನೀರು ಶುದ್ಧೀಕರಿಸೋ ಘಟಕ) ಬ್ಲೋವರ್, ಪಂಪು ನಿಂತರೆ ಬೇಸ್‌ಮೆಂಟಿನ ತೊಟ್ಟಿ ಉಕ್ಕಿ ಕೊಳಚೆ ಪಾರ್ಕಿಂಗಿಗೆ ಬರುತ್ತೆ. ಜನರೇಟರಿನ ಡೀಸೆಲ್ ಲಿಫ್ಟಿಗೆ ಸುಡಬೇಡಿ, ಆ ಪಂಪಿಗೆ ಉಳಿಸಿ.

ಹೆಬ್ಬಾಳ_ಓಮ್: ಸರಿ, ಒಪ್ಪಿದೆ. ಆದ್ರೆ ಜನರೇಟರಿನ ಕಂಟ್ರೋಲ್ ಬೋರ್ಡ್ ಒಂದು ಸ್ಪೇರ್ ನನ್ನ ಡಬ್ಬದಲ್ಲೇ ಇರಲಿ.