ವೈಫೈ ಸೇರಿದೆ ಅನ್ನುತ್ತದೆ, ಇಂಟರ್ನೆಟ್ ಮಾತ್ರ ಇಲ್ಲವಂತೆ: ಊರಮನೆಯ ಟಿವಿ ಗೋಳು

ಅಡಿಕೆಮನೆ:

ನಮಸ್ಕಾರ. ತಲೆ ಕೆಟ್ಟು ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಅಪ್ಪಯ್ಯ, ಅಮ್ಮ ಸಾಗರದ ಹತ್ತಿರ ಹಳ್ಳಿಯಲ್ಲಿದ್ದಾರೆ, ನಾನು ಬೆಂಗಳೂರಲ್ಲಿ. ಹೋದ ವರ್ಷ ಮನೆಗೆ ಫೈಬರ್ ಬಂತು, 100 ಎಂಬಿಪಿಎಸ್ ಪ್ಲಾನ್. ಹಾಕಲು ಬಂದವರು ಗೋಡೆ ತೂತು ಮಾಡಲು ಒಪ್ಪದೆ ರೂಟರ್ ಡಬ್ಬಿಯನ್ನು ಜಗುಲಿಯಲ್ಲೇ ಕೂರಿಸಿ ಹೋದರು. ಟಿವಿ ಇರುವುದು ನಡುಮನೆಯಲ್ಲಿ. ಮಧ್ಯೆ ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಗೋಡೆ. 43 ಇಂಚಿನ ಆಂಡ್ರಾಯ್ಡ್ ಟಿವಿ, 2018ರಲ್ಲಿ ತಗೊಂಡದ್ದು. ಕಂಪನಿ ಹೆಸರು ಬೇಡ ಬಿಡಿ.

ತೊಂದರೆ ಏನೆಂದರೆ ಟಿವಿ ವೈಫೈಗೆ ಸೇರುತ್ತದೆ, ಆದರೆ ಹೆಸರಿನ ಕೆಳಗೆ 'ಕನೆಕ್ಟೆಡ್, ನೋ ಇಂಟರ್ನೆಟ್' ಅಂತ ಬರುತ್ತದೆ. ಅದೇ ಹೊತ್ತಲ್ಲಿ, ಅದೇ ವೈಫೈಯಲ್ಲಿ ಅಮ್ಮ ನನ್ನ ಜೊತೆ ವಿಡಿಯೋ ಕಾಲಲ್ಲಿ ಆರಾಮಾಗಿ ಮಾತಾಡುತ್ತಿರುತ್ತಾರೆ. ಟಿವಿಯಲ್ಲಿ ಯೂಟ್ಯೂಬೂ ತೆರೆಯಲ್ಲ, ಬೇರೆ ಯಾವ ಆಪೂ ತೆರೆಯಲ್ಲ. ಅಪ್ಪಯ್ಯನಿಗೆ ರಾತ್ರಿ ಊಟ ಆದಮೇಲೆ ಒಂದು ತಾಳಮದ್ದಲೆ ಹಾಕಿಕೊಂಡು ಕೂತರೆ ಮಾತ್ರ ನಿದ್ದೆ. ಈಗ ಅದನ್ನು ಫೋನಲ್ಲಿ ನೋಡಿ ನೋಡಿ ಕಣ್ಣುರಿ ಅಂತಾರೆ.

ಯುಗಾದಿಗೆ ಹೋದಾಗ ಟಿವಿಗೆ ಫ್ಯಾಕ್ಟರಿ ರೀಸೆಟ್ ಹೊಡೆದೆ. ತಕ್ಷಣ ಸರಿಯಾಯಿತು. ಎರಡು ವಾರ ಚೆನ್ನಾಗಿತ್ತು. ಆಮೇಲೆ ಒಂದು ಸಂಜೆ ಗುಡುಗು ಮಳೆ ಬಂದು ಕರೆಂಟು ಹೋಯಿತಂತೆ, ಮರುದಿನದಿಂದ ಮತ್ತೆ ಅದೇ ಹಾಡು. ಪೇಟೆಯ ರಿಪೇರಿಯವರೊಬ್ಬರು ಬಂದು ನೋಡಿ 'ವೈಫೈ ಬೋರ್ಡ್ ಹೋಗಿದೆ, 3,500 ಆಗುತ್ತೆ' ಅಂದಿದ್ದಾರೆ.

ಇನ್ನೊಂದು ವಿಷಯ. ರೂಟರ್‌ನಲ್ಲಿ ಎರಡು ಹೆಸರು ಬರುತ್ತವೆ, ಒಂದರ ಕೊನೆಗೆ 5ಜಿ ಅಂತಿದೆ. ಟಿವಿಯಲ್ಲಿ ಆ 5ಜಿ ಹೆಸರು ಕಾಣೋದೇ ಇಲ್ಲ. ಅದಕ್ಕೇ ಹೀಗಾ?

ಮೆಶ್‌ಪ್ರಿಯ:

ಜಂಬಿಟ್ಟಿಗೆ ಗೋಡೆ ಅಂದಿರಲ್ಲ, ಅಲ್ಲಿಗೆ ಮುಗೀತು. ನಮ್ಮ ಅಜ್ಜನ ಮನೆಯಲ್ಲೂ ಇದೇ ಕಥೆ, ಒಂದು ಗೋಡೆ ದಾಟಿದರೆ ಸಿಗ್ನಲ್ ಸತ್ತೇ ಹೋಗುತ್ತೆ. ಒಂದು ಮೆಶ್ ಸೆಟ್ (ಒಂದೇ ವೈಫೈಯನ್ನು ಮನೆಯೆಲ್ಲ ಹರಡುವ ಜೋಡಿ ಡಬ್ಬಿ) ತಗೊಳ್ಳಿ, ಒಂದು ಡಬ್ಬಿ ಜಗುಲಿಗೆ, ಇನ್ನೊಂದು ನಡುಮನೆಗೆ. ದುಡ್ಡು ಹೋದರೂ ನೆಮ್ಮದಿ.

ತಂತಿಮನೆ:

ಮೆಶ್‌ಪ್ರಿಯ ಅವರೇ, ಯಾರು ಏನು ಕೇಳಿದರೂ ನಿಮ್ಮದು ಒಂದೇ ಔಷಧಿ :)

ಸಿಗ್ನಲ್ ಕಮ್ಮಿಯಾದರೆ ಚಿತ್ರ ಮಸುಕಾಗುತ್ತೆ, ಬಿಳಿ ಚಕ್ರ ಸುತ್ತುತ್ತಾ ಕೂರುತ್ತೆ, ಮಧ್ಯೆ ಮಧ್ಯೆ ವೈಫೈಯೇ ಕಳಚಿಕೊಳ್ಳುತ್ತೆ. ಎಲ್ಲ ಆಪೂ ಒಟ್ಟಿಗೆ, ದಿನಗಟ್ಟಲೆ ಮುಷ್ಕರ ಹೂಡಲ್ಲ. ಅದೂ ರೀಸೆಟ್ ಹೊಡೆದ ತಕ್ಷಣ ಸರಿಯಾಗಿ ಎರಡು ವಾರ ಓಡಿದೆ ಅಂದರೆ ಗೋಡೆ ಆಗಲೂ ಅಲ್ಲೇ ಇತ್ತಲ್ವಾ?

ಅಡಿಕೆಮನೆ, 5ಜಿ ಹೆಸರಿನ ಚಿಂತೆ ಬಿಡಿ. ಅದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ಅಂತ. ಕಮ್ಮಿ ಬೆಲೆಯ ಹಳೇ ಟಿವಿಗಳಲ್ಲಿ ಎಷ್ಟೋ ಬರೀ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ, ಅದಕ್ಕೇ ಕಾಣುತ್ತಿಲ್ಲ. ನಿಮ್ಮ ಮನೆಗೆ ಅದೇ ಒಳ್ಳೇದು ಕೂಡ, ಯಾಕೆಂದರೆ 2.4 ಗೋಡೆ ದಾಟುತ್ತದೆ, 5 ವೇಗ ಜಾಸ್ತಿ ಆದರೂ ದಪ್ಪ ಗೋಡೆ ಕಂಡರೆ ಅಲ್ಲೇ ನಿಲ್ಲುತ್ತದೆ. ವೇಗದ ಬಗ್ಗೆಯೂ ಹೆದರಬೇಡಿ. ನೆಟ್‌ಫ್ಲಿಕ್ಸ್‌ನವರೇ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಸಾಕು ಅಂತಾರೆ. ತಾಳಮದ್ದಲೆಗೆ ಅಷ್ಟೂ ಬೇಡ, ಅದರಲ್ಲಿ ಕೇಳೋದೇ ಜಾಸ್ತಿ, ನೋಡೋದು ಕಮ್ಮಿ.

ಮೊದಲು ಒಂದು ಕೆಲಸ ಮಾಡಿಸಿ. ಅಮ್ಮನ ಫೋನಲ್ಲಿ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಹಾಟ್‌ಸ್ಪಾಟ್ ಆನ್ ಮಾಡಲಿ, ಫೋನನ್ನು ಟಿವಿ ಕೆಳಗೇ ಇಟ್ಟು ಟಿವಿಯನ್ನು ಅದಕ್ಕೆ ಸೇರಿಸಲಿ. ಓಡಿದರೆ ತಪ್ಪು ರೂಟರ್ ಕಡೆಯದು. ಓಡದಿದ್ದರೆ ಟಿವಿಯದು. ಫೋನ್ ಐಫೋನ್ 12 ಅಥವಾ ಆಮೇಲಿನದಾದರೆ ಹಾಟ್‌ಸ್ಪಾಟ್ ಪೇಜಲ್ಲಿ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಅನ್ನೋದನ್ನು ಆನ್ ಮಾಡಬೇಕು, ಆಗ ಹಾಟ್‌ಸ್ಪಾಟ್ 2.4ರಲ್ಲಿ ಬರುತ್ತೆ, ಇಲ್ಲದಿದ್ದರೆ ಈ ಟಿವಿಗೆ ಹೆಸರೇ ಕಾಣದೆ ಇರಬಹುದು.

ಅಡಿಕೆಮನೆ:

ಐಫೋನ್ ಎಲ್ಲಿಂದ ಬರಬೇಕು ಅಣ್ಣಾ, ನನ್ನ ಹಳೇ ಫೋನೇ ಅಮ್ಮನದು. ಹಾಟ್‌ಸ್ಪಾಟ್ ಆನ್ ಮಾಡಿಸಲು ಅರ್ಧ ಗಂಟೆ ಹಿಡಿಯಿತು. ರಿಮೋಟಲ್ಲಿ ಒಂದೊಂದೇ ಅಕ್ಷರ ಒತ್ತಿ ಪಾಸ್‌ವರ್ಡ್ ಹಾಕಿದ್ದು ಅಪ್ಪಯ್ಯ. ಸೇರಿತು. ಮತ್ತೆ ಅದೇ, ಇಂಟರ್ನೆಟ್ ಇಲ್ಲವಂತೆ!

ಹಾಗಾದರೆ ಟಿವಿಯದೇ ತಪ್ಪು. ರಿಪೇರಿಯವರು ಹೇಳಿದ್ದೇ ನಿಜ ಇರಬೇಕು ಅಲ್ವಾ? ಬೋರ್ಡ್ ಹಾಕಿಸಲಾ, ಅಥವಾ ಅಷ್ಟು ದುಡ್ಡಿಗೆ ಯೂಟ್ಯೂಬ್ ಗೀಟ್ಯೂಬ್ ಎಲ್ಲ ತಾನೇ ಓಡಿಸುವ ಒಂದು ಸ್ಟ್ರೀಮಿಂಗ್ ಸ್ಟಿಕ್ ಬರುತ್ತೆ, ಅದನ್ನೇ ಎಚ್‌ಡಿಎಂಐಗೆ ಸಿಕ್ಕಿಸಿಬಿಡಲಾ?

ಹಳೇಸೆಟ್ಟು:

ತಡೀರಿ ತಡೀರಿ. ಒಂದು ರೂಪಾಯಿಯೂ ಬಿಚ್ಚಬೇಡಿ.

ವೈಫೈ ಬೋರ್ಡ್ ಸತ್ತಿದ್ದರೆ ಲಿಸ್ಟಲ್ಲಿ ಹೆಸರುಗಳೇ ಬರುತ್ತಿರಲಿಲ್ಲ. ಇಲ್ಲಿ ಹೆಸರು ಬರುತ್ತೆ, ಪಾಸ್‌ವರ್ಡ್ ಒಪ್ಪುತ್ತೆ, ಸೇರುತ್ತೆ. ಬೋರ್ಡ್ ತನ್ನ ಕೆಲಸ ಮಾಡುತ್ತಿದೆ.

ಟಿವಿಯಲ್ಲಿ ತಾರೀಖು ಎಷ್ಟು ತೋರಿಸುತ್ತಿದೆ, ಸ್ವಲ್ಪ ನೋಡಿ ಹೇಳ್ತೀರಾ?

ಅಡಿಕೆಮನೆ:

ಅದು ಸರಿ ಇದೆ. ನಿನ್ನೆ ವಿಡಿಯೋ ಕಾಲಲ್ಲಿ ಅಮ್ಮ ಟಿವಿ ಪರದೆ ತೋರಿಸಿದರು, ಮೇಲುಗಡೆ ಮೂಲೆಯಲ್ಲಿ 8:40 ಇತ್ತು. ನನ್ನ ಫೋನಲ್ಲೂ ಅಷ್ಟೇ ಇತ್ತು.

ಹಳೇಸೆಟ್ಟು:

ಗಂಟೆ ಕೇಳಲಿಲ್ಲ ತಂಗೀ, ತಾರೀಖು ಕೇಳಿದೆ. ಸೆಟ್ಟಿಂಗ್ಸ್ ಒಳಗೆ 'ಡೇಟ್ ಆಂಡ್ ಟೈಮ್' ತೆಗೆಸಿ. ಅಲ್ಲಿ ವರ್ಷ ಎಷ್ಟಿದೆ ನೋಡಿ. 'ಆಟೋಮ್ಯಾಟಿಕ್' ಆನ್ ಇದೆಯಾ ಆಫ್ ಇದೆಯಾ, ಅದನ್ನೂ.

ಅಡಿಕೆಮನೆ:

ಅಯ್ಯೋ ದೇವರೇ. 2018 ಜನವರಿ 1!! ಆಟೋಮ್ಯಾಟಿಕ್ ಆಫ್ ಇದೆ.

ಅಪ್ಪಯ್ಯನನ್ನು ಹಿಡಿದು ಕೇಳಿದೆ. ಮೊದಲು 'ನಾನೇನೂ ಮುಟ್ಟಿಲ್ಲ' ಅಂದರು. ಆಮೇಲೆ ನಿಧಾನಕ್ಕೆ ಹೊರಗೆ ಬಂತು. ನಾನು ರೀಸೆಟ್ ಮಾಡಿ ಬಂದಮೇಲೆ ಟಿವಿಯಲ್ಲಿ ಗಂಟೆ ತಪ್ಪು ತೋರಿಸುತ್ತಿತ್ತಂತೆ, 'ಏಳು ಗಂಟೆಗೆ ಒಂಬತ್ತೂವರೆ ಅನ್ನುತ್ತೆ ಮಾರಾಯ್ತಿ, ಮನೇಲಿ ಹಾಗೊಂದು ಗಡಿಯಾರ ಇಟ್ಟುಕೊಂಡು ಏನು ಮಾಡೋದು' ಅಂತ ಒಳಗೆ ಹೋಗಿ ಆಟೋಮ್ಯಾಟಿಕ್ ತೆಗೆದು ತಾವೇ ಕೈಯಲ್ಲಿ ಸರಿ ಮಾಡಿದ್ದಾರೆ. ಅಲ್ಲಿಂದ ಕರೆಂಟು ಹೋಗಿ ಬಂದಾಗಲೆಲ್ಲ ಗಂಟೆ ತಪ್ಪುತ್ತೆ, ಇವರು ಪ್ರತಿಸಲ ಗಂಟೆ, ನಿಮಿಷ ಸರಿ ಮಾಡಿಡುತ್ತಾರೆ. ತಾರೀಖು? 'ತಾರೀಖಿಗೆ ಪಂಚಾಂಗ ಇದೆಯಲ್ಲ' ಅಂದರು.

ಆದರೆ ನನಗಿನ್ನೂ ಅರ್ಥ ಆಗಿಲ್ಲ. ತಾರೀಖು ತಪ್ಪಾದರೆ ಇಂಟರ್ನೆಟ್ ಯಾಕೆ ಹೋಗಬೇಕು?

ಹಳೇಸೆಟ್ಟು:

ಹ್ಹಹ್ಹಾ, ನಿಮ್ಮ ಅಪ್ಪಯ್ಯನಿಗೆ ನನ್ನ ನಮಸ್ಕಾರ ಹೇಳಿ. ಇಷ್ಟು ವರ್ಷದಲ್ಲಿ ಈ ತರದ್ದು ನಾನು ನಾಲ್ಕೈದು ನೋಡಿದ್ದೇನೆ, ಆದರೆ ಗಂಟೆ ಸರಿ ಇದ್ದು ವರ್ಷ ತಪ್ಪಿದ್ದು ಇದೇ ಮೊದಲು.

ಇಂಟರ್ನೆಟ್ ಹೋಗಿರಲಿಲ್ಲ, ಟಿವಿಯೇ ಬಾಗಿಲು ಹಾಕಿಕೊಂಡಿತ್ತು. ಯೂಟ್ಯೂಬ್ ಇರಲಿ, ಯಾವುದೇ ಸರ್ವರ್ ಇರಲಿ, ಮಾತಿಗೆ ಮುಂಚೆ 'ನಾನೇ ಅವನು' ಅಂತ ಒಂದು ಸರ್ಟಿಫಿಕೇಟ್ ತೋರಿಸುತ್ತೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ನಡೆಯುತ್ತೆ ಅಂತ ಬರೆದಿರುತ್ತೆ. ನಿಮ್ಮ ಟಿವಿ ತಾನಿನ್ನೂ 2018ರಲ್ಲೇ ಇದ್ದೇನೆ ಅಂದುಕೊಂಡಿದೆ. ಸರ್ವರ್ ಈ ವರ್ಷದ ಸರ್ಟಿಫಿಕೇಟ್ ತೋರಿಸುತ್ತೆ. ಇನ್ನೂ ಹುಟ್ಟದ ಮಗುವಿನ ಆಧಾರ್ ಕಾರ್ಡ್ ತಂದು ತೋರಿಸಿದರೆ ಯಾರು ಒಪ್ಪುತ್ತಾರೆ ಹೇಳಿ? ಟಿವಿಯೂ ಒಪ್ಪಲ್ಲ. ಎಲ್ಲ ಆಪಿಗೂ ಇದೇ ಗತಿ. ಆಮೇಲೆ ಪಾಪ ಒಂದೇ ಮಾತು ಹೇಳುತ್ತೆ, ಇಂಟರ್ನೆಟ್ ಇಲ್ಲ ಅಂತ.

ಕಂಪ್ಯೂಟರ್ ಬೋರ್ಡಲ್ಲಿ ಗಡಿಯಾರಕ್ಕೆ ಅಂತ ಒಂದು ಬಟನ್ ಸೆಲ್ ಇರುತ್ತೆ. ಎಷ್ಟೋ ಟಿವಿಗಳಲ್ಲಿ ಅದು ಇಲ್ಲ. ರಿಮೋಟಲ್ಲಿ ಆಫ್ ಮಾಡಿದರೆ ಗಡಿಯಾರ ಒಳಗೆ ಓಡುತ್ತಿರುತ್ತೆ, ಆದರೆ ಗೋಡೆ ಸ್ವಿಚ್ ಆಫ್ ಆದರೆ ಅಥವಾ ಕರೆಂಟು ಹೋದರೆ ಸೀದಾ ಕಂಪನಿಯವರು ಬರೆದಿಟ್ಟ ತಾರೀಖಿಗೆ ಹೋಗಿ ನಿಲ್ಲುತ್ತೆ. ಆಟೋಮ್ಯಾಟಿಕ್ ಆನ್ ಇದ್ದರೆ ನೆಟ್ ಸಿಕ್ಕ ಕೂಡಲೇ ಸರಿಯಾದ ಹೊತ್ತು ಕೇಳಿಕೊಳ್ಳುತ್ತೆ. ಹೊತ್ತು ಕೇಳೋದಕ್ಕೆ ಎನ್‌ಟಿಪಿ ಅಂತ ಬೇರೆಯೇ ವ್ಯವಸ್ಥೆ, 1985ರಿಂದ ಇದೆ, ಸಾಮಾನ್ಯವಾಗಿ ಅದಕ್ಕೆ ಈ ಸರ್ಟಿಫಿಕೇಟಿನ ಗೊಡವೆ ಇಲ್ಲ. ಹಾಗಾಗಿ ಗಡಿಯಾರ ತಪ್ಪಿದ್ದರೂ ಅದೊಂದು ಒಳಗೆ ಬರುತ್ತೆ.

ಇನ್ನು ಆ ಎರಡೂವರೆ ತಾಸು. ನನಗೆ ಮಜಾ ಅನಿಸಿದ್ದು ಅದೇ. ನಮ್ಮದು ಗ್ರೀನಿಚ್‌ಗಿಂತ 5:30 ಮುಂದೆ, ಚೀನಾ 8:00 ಮುಂದೆ. ಕಳೆಯಿರಿ, ಎರಡೂವರೆ. ನಿಮ್ಮ ರೀಸೆಟ್ ಟಿವಿಯ ಟೈಮ್ ಝೋನನ್ನು ಚೀನಾ ಹೊತ್ತಿಗೆ ವಾಪಸ್ ತಂದಿದೆ. ಟಿವಿ ಹೇಳಿದ್ದು ಸುಳ್ಳಲ್ಲ, ಶಾಂಘೈಯಲ್ಲಿ ಆಗ ಒಂಬತ್ತೂವರೆಯೇ.

ಮಾಡಬೇಕಾದ್ದು: ಟೈಮ್ ಝೋನ್ ಕೋಲ್ಕತ್ತಾ ಅಂತ ಇಡಿ (ಲಿಸ್ಟಲ್ಲಿ ಬೆಂಗಳೂರು ಹುಡುಕಬೇಡಿ, ಸಿಗಲ್ಲ), ಆಟೋಮ್ಯಾಟಿಕ್ ಆನ್ ಮಾಡಿ, ಒಂದು ಸಲ ಪಿನ್ ಕಿತ್ತು ಹಾಕಿ ನೋಡಿ.

ತಂತಿಮನೆ:

ಭೇಷ್! ನಾನು ಇನ್ನು ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಾಯಿಸಿ ಅಂತ ಹೇಳಲು ಹೊರಟಿದ್ದೆ.

ಒಂದು ಸೇರಿಸುತ್ತೇನೆ. ತಾರೀಖು ಸರಿ ಇದ್ದರೂ ಹಳೇ ಟಿವಿಗೆ ಈ ಸರ್ಟಿಫಿಕೇಟ್ ಕಾಟ ಬರಬಹುದು. 2021 ಸೆಪ್ಟೆಂಬರ್ 30ಕ್ಕೆ ಒಂದು ದೊಡ್ಡ ಮೂಲ ಸರ್ಟಿಫಿಕೇಟಿನ (ಬೇರೆ ಸರ್ಟಿಫಿಕೇಟುಗಳಿಗೆ ಜಾಮೀನು ನಿಲ್ಲುವಂಥದ್ದು) ಅವಧಿ ಮುಗಿದಾಗ ಅಪ್ಡೇಟ್ ನಿಂತಿದ್ದ ಎಷ್ಟೋ ಹಳೇ ಯಂತ್ರಗಳಲ್ಲಿ ಕೆಲವು ಸೈಟುಗಳು ತೆರೆಯುವುದೇ ನಿಂತಿತು. ಆದ್ದರಿಂದ ನೆಟ್ ಬಂದ ಕೂಡಲೇ ಟಿವಿಗೆ ಸಿಸ್ಟಂ ಅಪ್ಡೇಟ್ ಇದೆಯಾ ನೋಡಿ ಹಾಕಿಬಿಡಿ. ಕಂಪನಿ ಕೈಬಿಟ್ಟಿದ್ದರೆ ಆಗ ಸ್ಟಿಕ್ ತಗೊಳ್ಳುವ ಮಾತು ಸರಿ.

ಘಟ್ಟದಕೆಳಗೆ:

ಒಂದು ಅನುಮಾನ. ಮಲೆನಾಡಲ್ಲಿ ಸಿಡಿಲು ಅಂದರೆ ನಾವು ಮೊದಲು ಮಾಡೋದೇ ಟಿವಿ ಪಿನ್ ಕಿತ್ತು ಹಾಕೋದು. ಇದನ್ನು ಓದಿ ಇನ್ನು ಕೀಳಬಾರದು ಅಂತ ಯಾರಾದರೂ ತಿಳಿದುಕೊಂಡರೆ ಕಷ್ಟ.

ತಂತಿಮನೆ:

ಕೀಳಲೇಬೇಕು! ಟಿವಿಯದೂ, ರೂಟರ್ ಅಡಾಪ್ಟರಿನದೂ. ಫೈಬರ್ ಎಳೆ ಗಾಜು, ಅದರಲ್ಲಿ ಕರೆಂಟು ಹರಿಯಲ್ಲ. ಆದರೆ ಅಡಾಪ್ಟರ್ ವಯರಿಂಗಿಗೇ ಕೂತಿರುತ್ತಲ್ಲ. ಪಿನ್ ಕಿತ್ತರೆ ಗಡಿಯಾರ ಹಾಳಾಗುತ್ತೆ ಅಂತ ಹೆದರಬೇಡಿ, ಆಟೋಮ್ಯಾಟಿಕ್ ಇದ್ದರೆ ತಾನೇ ಸರಿ ಮಾಡಿಕೊಳ್ಳುತ್ತೆ. ಒಂದೇ ಒಂದು, ಕರೆಂಟು ಬಂದಮೇಲೆ ಫೈಬರ್ ಡಬ್ಬಿಗೆ ಎರಡು ಮೂರು ನಿಮಿಷ ಬಿಡಿ. ಟಿವಿ ಅದಕ್ಕಿಂತ ಬೇಗ ಎದ್ದು 'ನೆಟ್ ಇಲ್ಲ' ಅಂತ ಕೂಗಿದರೆ ಸುಮ್ನೆ ಸೆಟ್ಟಿಂಗ್ಸ್ ಒಳಗೆ ಹೋಗಿ ಎಲ್ಲ ಕೆದಕಬೇಡಿ.

ಮೆಶ್‌ಪ್ರಿಯ:

ಸರಿ, ಈ ಸಲ ನಾನು ಸೋತೆ. ಆದರೂ ಆ ಗೋಡೆಗೆ ಮೆಶ್ ಹಾಕಿದರೆ ಒಳ್ಳೇದೇ.

ಹಳೇಸೆಟ್ಟು:

ಮೆಶ್ ಯಾಕೆ, ಅಟ್ಟದ ಮೇಲಿಂದ ರೂಟರಿಂದ ಟಿವಿಗೆ ಒಂದು ಕ್ಯಾಟ್ 6 ನೆಟ್‌ವರ್ಕ್ ವಯರ್ ಎಳೆದರೆ ಆಯಿತು. ಜಗುಲಿಯಿಂದ ನಡುಮನೆಗೆ ಎಷ್ಟಾಗುತ್ತೆ, ಹದಿನೈದು ಮೀಟರ್? ನೂರು ಮೀಟರ್‌ವರೆಗೆ ಎಳೆಯಬಹುದು. ಹೆಚ್ಚಿನ ಟಿವಿಗಳಲ್ಲಿ ಆ ವಯರ್ ಸಿಕ್ಕಿಸುವ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ದು, ನಿಮ್ಮ ಪ್ಲಾನೂ ಅಷ್ಟೇ, ಲೆಕ್ಕ ಸರಿ ಹೋಯಿತು. ಕರೆಂಟ್ ವಯರಿನ ಪೈಪಲ್ಲೇ ತುರುಕಬೇಡಿ. ಮತ್ತೆ ಇದು ತಾಮ್ರ, ಹಾಗಾಗಿ ಸಿಡಿಲು ಬಂದರೆ ಪಿನ್ ಜೊತೆ ಇದನ್ನೂ ಟಿವಿ ಹಿಂದಿನಿಂದ ಕೀಳಬೇಕು.

ಅಡಿಕೆಮನೆ:

ಬಂತು!! ಕೋಲ್ಕತ್ತಾ ಇಟ್ಟೆವು, ಆಟೋಮ್ಯಾಟಿಕ್ ಆನ್, ಪಿನ್ ಕಿತ್ತು ಹಾಕಿದ್ದಕ್ಕೆ ಮೊದಲು ಒಂದು ನಿಮಿಷ ನೆಟ್ ಇಲ್ಲ ಅಂದಿತು, ಅಪ್ಪಯ್ಯ ರಿಮೋಟ್ ಎತ್ತಿಕೊಂಡರು, ಅಮ್ಮ ಕೈ ಹಿಡಿದರು, ಅಷ್ಟರಲ್ಲಿ ಯೂಟ್ಯೂಬ್ ತೆರೆದುಕೊಂಡಿತು. ಅಪ್ಡೇಟ್ ಒಂದಿತ್ತು, ರಾತ್ರಿ ಹಾಕಿಸಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಹಳೇಸೆಟ್ಟು ಅಣ್ಣನಿಗೆ ಸೀಸನ್ನಲ್ಲಿ ಒಂದು ಡಬ್ಬಿ ಅಪ್ಪೆಮಿಡಿ ಉಪ್ಪಿನಕಾಯಿ.

ವಯರ್ ಎಳೆಯಲು ಅಟ್ಟ ಹತ್ತಬೇಕು, ಅಲ್ಲಿ ಅಡಿಕೆ ಚೀಲ ತುಂಬಿದೆ, ಮಾರಿದಮೇಲೆ ನೋಡೋಣ ಅಂತಾರೆ ಅಪ್ಪಯ್ಯ. ಸದ್ಯಕ್ಕೆ ಅಮ್ಮ ರಿಮೋಟಿನ ಸೆಟ್ಟಿಂಗ್ಸ್ ಗುಂಡಿ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿಟ್ಟಿದ್ದಾರೆ.