ಕೂದಲೆಳೆಯಷ್ಟು ಸೀಳು, ನಾಲ್ಕು ಜನರ ಬಾಯಿ

ಹಳೇ ಫೋರ್ ವೀಲ್ ಡ್ರೈವ್ ಗಾಡಿ ಇಟ್ಟುಕೊಂಡವರ ಜೊತೆ ಒಂದು ಕಷ್ಟ ಇದೆ. ಚೆನ್ನಾಗಿದ್ದೀಯಾ ಅಂತ ಕೇಳಿದರೆ ಗಾಡಿಯ ಆರೋಗ್ಯ ಹೇಳುತ್ತಾರೆ. ನಮ್ಮ ನಾಣಿಯೂ ಆ ಪೈಕಿ. ಮೊನ್ನೆ ಹೇಗಿದ್ದೀಯೋ ಅಂದಿದ್ದಕ್ಕೆ, "ಹಿಂದಿನ ಶಾಕ್ ಮೌಂಟು ಸೀಳಿದೆ ಕಣೋ" ಅಂದ. ಶಾಕ್ ಅಂದರೆ ಗಾಡಿಯ ಕುಣಿತ ತಡೆಯೋ ಶಾಕ್ ಅಬ್ಸಾರ್ಬರ್, ಮೌಂಟು ಅಂದರೆ ಅದನ್ನು ಹಿಡಿದಿಡೋ ಬ್ರ್ಯಾಕೆಟ್ಟು. ಕಣ್ಣಲ್ಲಿ ನೀರು ಬರೋದೊಂದು ಬಾಕಿ.

ಸರಿ, ನೋಡೋಣ ಅಂತ ನಾಲ್ಕು ಜನ ಸೇರಿದೆವು. ನಾಣಿ, ಗುಂಡ, ಸುಮಾ, ನಾನು. ಐದನೆಯವರು ಶಾಮಣ್ಣ. ಅವರನ್ನು ಲೆಕ್ಕಕ್ಕೆ ಸೇರಿಸಲಿಲ್ಲ, ಯಾಕೆಂದರೆ ಅವರು ಬಂದಿದ್ದು ಕೆಲಸ ಮಾಡೋಕೆ. ಮಾತಾಡೋಕೆ ಬಂದವರು ನಾವು ನಾಲ್ಕೇ.

ಗುಂಡ ಜಾಕಿ ಎತ್ತಿದ್ದೇ ಗಾಡಿಯ ಕೆಳಗೆ ತೂರಲು ಹೊರಟ. ಶಾಮಣ್ಣ ಅವನ ಕಾಲರ್ ಹಿಡಿದು ಎಳೆದರು. "ಜಾಕಿ ಇರೋದು ಎತ್ತೋಕೆ ಕಣಯ್ಯಾ. ಹೊರೋಕೆ ಸ್ಟ್ಯಾಂಡು." ಸ್ಟ್ಯಾಂಡ್ ಇಟ್ಟು, ಗಾಡಿಯನ್ನು ಒಮ್ಮೆ ಜೋರಾಗಿ ಅಲ್ಲಾಡಿಸಿ ನೋಡಿದ ಮೇಲೇ ಒಳಗೆ ಬಿಟ್ಟರು.

ಕೆಳಗಿನ ಸಂಸಾರ ಹೀಗಿದೆ. ಎರಡು ಉದ್ದದ ತೊಲೆ, ನಡುನಡುವೆ ಅಡ್ಡ ತೊಲೆ, ಇದು ಚಾಸಿ. ಅದಕ್ಕೆ ಪಾಟಾ ಅಂದರೆ ಲೀಫ್ ಸ್ಪ್ರಿಂಗು, ಪಾಟಾಕ್ಕೆ ಎರಡು ಚಕ್ರಗಳನ್ನು ಕೂಡಿಸೋ ಆಕ್ಸಲ್. ಪಾಟಾ ಕುಣಿಯೋದನ್ನು ಹಿಡಿದು ನಿಲ್ಲಿಸೋಕೆ ಶಾಕ್. ಶಾಕಿನ ಕೆಳತುದಿ ಆಕ್ಸಲ್ಲಿಗೆ, ಮೇಲಿನ ತುದಿ ಚಾಸಿಗೆ ವೆಲ್ಡ್ ಮಾಡಿದ ಒಂದು ಬ್ರ್ಯಾಕೆಟ್ಟಿಗೆ. ನಾಣಿಯ ದುಃಖ ಇದ್ದದ್ದು ಆ ಬ್ರ್ಯಾಕೆಟ್ಟಿನ ಬುಡದಲ್ಲಿ, ಹಳೇ ವೆಲ್ಡಿಂಗಿನ ಅಂಚಿಗೇ ಅಂಟಿಕೊಂಡು. ಕಬ್ಬಿಣ ಆಯಾಸಗೊಂಡಾಗ ಮೊದಲು ಸೋಲುವ ಜಾಗ ಅದೇ. ವೆಲ್ಡ್ ಮುಗಿದು ಮೂಲ ಲೋಹ ಶುರುವಾಗುವ ಗೆರೆ.

"ಇಷ್ಟೇನಾ?" ಗುಂಡನಿಗೆ ನಿರಾಸೆಯಾಯಿತು. "ಅರ್ಧ ಇಂಚಿನ ಪ್ಲೇಟ್ ಇದೆ ನನ್ನ ಹತ್ರ. ಮೇಲಿಟ್ಟು ಸುತ್ತ ವೆಲ್ಡಿಂಗ್ ಬಿಗಿದುಬಿಡೋಣ. ಏಳು ಜನ್ಮಕ್ಕೂ ಅಲ್ಲಾಡಬಾರದು."

"ಅಲ್ಲಾಡಬಾರದು ಅನ್ನೋದೇ ತಪ್ಪು" ಅಂದರು ಶಾಮಣ್ಣ. "ಈ ಚಾಸಿ ತಿರುಚಿಕೊಳ್ಳೋಕೇ ಮಾಡಿರೋದು. ಒಂದು ಚಕ್ರ ಬಂಡೆ ಮೇಲೆ, ಇನ್ನೊಂದು ಗುಂಡಿಯಲ್ಲಿ ಇರುವಾಗ ಬಾಗದೆ ಏನು ಮಾಡುತ್ತೆ? ಹಳೇ ಬಟ್ಟೆಗೆ ದಪ್ಪ ತೇಪೆ ಹಾಕಿದರೆ ತೇಪೆ ಉಳಿಯುತ್ತೆ, ಪಕ್ಕದ ಬಟ್ಟೆ ಹರಿಯುತ್ತೆ. ತೊಲೆಯ ತಗಡು ಎಷ್ಟು ದಪ್ಪವೋ ತೇಪೆಯೂ ಅಷ್ಟೇ ಇರಬೇಕು. ಅದರ ತುದಿ ದುಂಡಗಿರಬೇಕು. ಚೌಕ ಕತ್ತರಿಸಿ ಅಂಟಿಸಿದರೆ ಮೂಲೆಯಿಂದ ಹೊಸ ಸೀಳು ಗ್ಯಾರಂಟಿ."

ಮೂಲೆ ಅನ್ನೋ ಶಬ್ದ ಕಿವಿಗೆ ಬಿದ್ದದ್ದೇ ಸುಮಾ ಎದ್ದು ಕೂತಳು. ಗಾಡಿಯ ಕೆಳಗೆ ಎದ್ದು ಕೂರಬಾರದು. ಠಣ್ ಅಂತ ಸದ್ದಾಯಿತು. ತಲೆ ಉಜ್ಜಿಕೊಳ್ಳುತ್ತಲೇ ಕಥೆ ಶುರು ಮಾಡಿದಳು.

"1943ರ ಜನವರಿಯಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಶೆನೆಕ್ಟಡಿ ಅಂತ ಒಂದು ಹೊಸ ಟ್ಯಾಂಕರ್ ಹಡಗು. ಅಲೆ ಇಲ್ಲ, ಜೋರು ಗಾಳಿ ಇಲ್ಲ, ದಡದಲ್ಲಿ ಸುಮ್ನೆ ನಿಂತಿತ್ತು. ನಿಂತಲ್ಲೇ ನಡು ಮುರಿದುಕೊಂಡಿತು. ಆ ಕಾಲದ ಲಿಬರ್ಟಿ ಹಡಗುಗಳಲ್ಲೂ ಇದೇ ಗೋಳು. ಎಷ್ಟೋ ಬಿರುಕು ಹುಟ್ಟಿದ್ದು ಡೆಕ್ಕಿನಲ್ಲಿ ಸಾಮಾನು ಇಳಿಸೋ ಬಾಯಿ ಇರುತ್ತಲ್ಲ, ಅದರ ಚೌಕ ಮೂಲೆಯಿಂದ. ಹಿಂದೆ ಹಲಗೆಗಳಿಗೆ ರಿವೆಟ್ ಹೊಡೀತಿದ್ದರು, ಬಿರುಕು ಒಂದು ಹಲಗೆಯ ಅಂಚಿಗೆ ಬಂದು ನಿಂತುಬಿಡ್ತಿತ್ತು. ಇವು ಪೂರ್ತಿ ವೆಲ್ಡಿಂಗ್ ಹಡಗು. ಬಿರುಕಿಗೆ ಒಂದು ಹಲಗೆಯಿಂದ ಇನ್ನೊಂದಕ್ಕೆ ಹೋಗೋಕೆ ತಡೆಯೇ ಇಲ್ಲ."

"ಹಡಗಿಗೂ ನಾಣಿ ಗಾಡಿಗೂ ಏನೇ ಸಂಬಂಧ?"

"ಎರಡೂ ನೀರಿಗೆ ಇಳಿಯುತ್ತವೆ. ಅದೊಂದು ತೇಲುತ್ತೆ" ಅಂದಳು.

ಶಾಮಣ್ಣ ಅಷ್ಟರಲ್ಲಿ ತಮ್ಮ ಡಬ್ಬ ತೆಗೆದಿದ್ದರು. ತಂತಿ ಬ್ರಷ್ಷಿನಲ್ಲಿ ಮಣ್ಣು, ತುಕ್ಕು, ಹಳೇ ಬಣ್ಣ ಎಲ್ಲ ಕೈಯಲ್ಲೇ ಉಜ್ಜಿದರು. ಗ್ರೈಂಡರ್ ಕೊಡಲಾ ಅಂದರೆ ಬೇಡ ಅಂದರು. ಈಗಲೇ ಗ್ರೈಂಡರ್ ಹಿಡಿದರೆ ಲೋಹ ಸವರಿಕೊಂಡು ಸೀಳಿನ ಬಾಯಿ ಮುಚ್ಚಿಹೋಗುತ್ತದಂತೆ. ಆಮೇಲೆ ಕೆಂಪು ದ್ರವ ಸಿಂಪಡಿಸಿದರು. ಅದು ಸೀಳಿನೊಳಗೆ ಇಳಿಯಲು ಸ್ವಲ್ಪ ಹೊತ್ತು ಬಿಟ್ಟು, ಮೇಲಿದ್ದದ್ದನ್ನು ಬಟ್ಟೆಯಲ್ಲಿ ಒರೆಸಿ, ಬಿಳಿ ಪುಡಿಯ ಸ್ಪ್ರೇ ಹೊಡೆದರು. ಬಿಳಿ ಮೇಲೆ ನಿಧಾನಕ್ಕೆ ಒಂದು ಕೆಂಪು ಗೆರೆ ಎದ್ದಿತು. ನಾವು ಕಣ್ಣಲ್ಲಿ ನೋಡಿದ ಸೀಳಿಗಿಂತ ಎರಡರಷ್ಟು ಉದ್ದ, ಕೊನೆಯಲ್ಲಿ ಒಂದು ಕವಲು ಬೇರೆ. ನೋಡುತ್ತಿದ್ದಂತೆ ಪಕ್ಕದಲ್ಲಿ ಪಾಟಾವನ್ನು ಚಾಸಿಗೆ ತೂಗುಹಾಕುವ ಹ್ಯಾಂಗರಿನ ಬೋಲ್ಟಿನ ತೂತಿನಿಂದಲೂ ಇನ್ನೊಂದು ಗೆರೆ ಇಣುಕಿತು.

ನಾಣಿಯ ಮುಖ ಆ ಬಿಳಿ ಪುಡಿಗಿಂತ ಬಿಳಿಯಾಯಿತು.

"ಒರೆಸಿಬಿಡು ಮಾರಾಯ, ಕಾಣಲ್ಲ" ಅಂತ ಗುಂಡ ಸಮಾಧಾನ ಮಾಡಿದ.

ಇಲ್ಲಿಯವರೆಗೆ ಹೇಗೆ ರಿಪೇರಿ ಅಂತ ಎಲ್ಲರೂ ಮಾತಾಡಿದ್ದೇ. ಯಾಕೆ ಸೀಳಿತು ಅಂತ ಕೇಳಿದ್ದು ಶಾಮಣ್ಣ ಒಬ್ಬರೇ. ನನ್ನ ಅಭಿಪ್ರಾಯದಲ್ಲಿ ಇಡೀ ರಿಪೇರಿ ಇರೋದು ಆ ಒಂದು ಪ್ರಶ್ನೆಯಲ್ಲಿ. ಉಳಿದದ್ದು ಕೈಕೆಲಸ.

"ಕಬ್ಬಿಣವೇ ಸರಿ ಇಲ್ಲ" ಅಂದ ನಾಣಿ.

"ಇಷ್ಟು ವರ್ಷ ಸರಿ ಇತ್ತಲ್ಲ? ಈಚೆಗೆ ಏನು ಮಾಡಿಸಿದೆ ಹೇಳು."

ನಾಣಿ ಬೇರೆ ಕಡೆ ನೋಡಿದ. ಉತ್ತರ ಸುಮಾ ಕೊಟ್ಟಳು. "ದೊಡ್ಡ ಟೈರ್ ಹಾಕಬೇಕು ಅಂತ ಪಾಟಾ ಬದಲಾಯಿಸಿ ಗಾಡಿ ಎತ್ತಿಸಿದ. ಶಾಕ್ ಮಾತ್ರ ಹಳೇದೇ."

ಶಾಮಣ್ಣ ಮಾತಾಡಲಿಲ್ಲ. ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಬಿಟ್ಟು, ಆಕ್ಸಲ್ ಕೆಳಗೆ ಇನ್ನೊಂದು ಜಾಕಿ ಕೊಟ್ಟು ನಿಧಾನ ಇಳಿಸುತ್ತಾ ಬಂದರು. ಒಂದು ಕಡೆ ಬಂದು ಆಕ್ಸಲ್ ನಿಂತಿತು. ಜಾಕಿ ಕೆಳಗಿಳಿದರೂ ಅದು ಇಳಿಯಲಿಲ್ಲ. ಶಾಕ್ ಪೂರ್ತಿ ಉದ್ದ ಚಾಚಿಕೊಂಡು ಬಿಗಿಯಾಗಿತ್ತು. ಮತ್ತೆ ಜಾಕಿ ತಾಗಿಸಿ, ಎರಡೂ ಕಡೆ ಶಾಕಿನ ಕೆಳಗಿನ ಬೋಲ್ಟು ಬಿಚ್ಚಿ, ಇನ್ನೊಮ್ಮೆ ಇಳಿಸಿದರು. ಆಕ್ಸಲ್ ಆರಾಮಾಗಿ ಇನ್ನೂ ಮೂರು ಬೆರಳು ಕೆಳಗೆ ಹೋಯಿತು.

"ನೋಡಿದೆಯಾ? ಪಾಟಾಕ್ಕೆ ಇನ್ನೂ ಇಳಿಯೋ ಆಸೆ ಇದೆ, ಶಾಕಿಗೆ ಉದ್ದ ಇಲ್ಲ. ನೀನು ಗುಂಡಿಗೆ ಇಳಿದಾಗಲೆಲ್ಲ ಚಕ್ರ, ಆಕ್ಸಲ್ಲು, ಎಲ್ಲದರ ಭಾರ ಈ ಬ್ರ್ಯಾಕೆಟ್ಟಿಗೆ ಜೋತುಬೀಳುತ್ತೆ. ಅದೂ ಜಗ್ಗಿ ಜಗ್ಗಿ. ಶಾಕ್ ಇರೋದು ಕುಣಿತ ತಡೆಯೋಕೆ, ಆಕ್ಸಲ್ ಹೊರೋಕೆ ಅಲ್ಲ."

"ಹಾಗಾದ್ರೆ ಇರೋದ್ರಲ್ಲೇ ಜಾಸ್ತಿ ಉದ್ದದ ಶಾಕ್ ಹಾಕೋಣ" ಅಂದ ಗುಂಡ. ಗುಂಡನಿಗೆ ಎಲ್ಲವೂ ಒಂದೋ ದಪ್ಪ ಬೇಕು, ಇಲ್ಲ ಉದ್ದ ಬೇಕು.

"ಹಾಕು. ಆಗ ಮೇಲಕ್ಕೆ ಗುದ್ದುತ್ತೆ. ಬಂಡೆ ಹತ್ತಿ ಪಾಟಾ ಒತ್ತಿದಾಗ ಆಕ್ಸಲ್ಲು ಮೊದಲು ಬಂಪ್ ಸ್ಟಾಪಿನ ರಬ್ಬರಿಗೆ ತಾಗಬೇಕು. ಅದಕ್ಕೆ ಮುಂಚೆ ಶಾಕಿನ ಒಳಗಿನ ಜಾಗ ಮುಗಿದುಹೋದರೆ ಇದೇ ಬ್ರ್ಯಾಕೆಟ್ಟಿಗೆ ಕೆಳಗಿನಿಂದ ಸುತ್ತಿಗೆ ಏಟು. ಪೂರ್ತಿ ಇಳಿದಾಗ ಎಷ್ಟು, ಪೂರ್ತಿ ಒತ್ತಿದಾಗ ಎಷ್ಟು, ಎರಡೂ ಅಳತೆ ತಗೊಂಡು ಆಮೇಲೆ ಶಾಕ್ ಹುಡುಕು."

ನಾಣಿ ಟೇಪು ಹಿಡಿದ, ಸುಮಾ ಬರೆದುಕೊಂಡಳು. ಗುಂಡ ತನ್ನ ಅರ್ಧ ಇಂಚಿನ ಪ್ಲೇಟನ್ನು ಮೌನವಾಗಿ ಮೂಲೆಗೆ ಒರಗಿಸಿದ.

ಇನ್ನು ವೆಲ್ಡಿಂಗು. ಬ್ಯಾಟರಿ ವಯರ್ ಕಳಚಿ, ಹತ್ತಿರವಿದ್ದ ಬ್ರೇಕ್ ಪೈಪು, ಡೀಸೆಲ್ ಪೈಪು ಬಿಚ್ಚಿ ದೂರ ಸರಿಸಿದ್ದಾಯಿತು. ವೆಲ್ಡಿಂಗ್ ಕರೆಂಟು ವಾಪಸ್ ಹರಿಯೋ ಅರ್ಥ್ ಕ್ಲಾಂಪನ್ನು ಸೀಳಿನ ಪಕ್ಕದಲ್ಲೇ ಕಚ್ಚಿಸಿದರು. ಎಲ್ಲೋ ಆ ಕಡೆ ಚಕ್ರಕ್ಕೆ ಸಿಕ್ಕಿಸಿದರೆ ಕರೆಂಟು ಬೇರಿಂಗ್ ಮೂಲಕ ಹಾದು ಅದನ್ನೂ ಹಾಳು ಮಾಡುತ್ತೆ. ಸೀಳಿನ ತುದಿಗೆ ಮೂರು ಮಿಲಿಮೀಟರಿನ ತೂತು ಕೊರೆದರು. ಚೂಪು ತುದಿ ಇದ್ದರೆ ತಾನೇ ಸೀಳು ಮುಂದೆ ಓಡೋದು, ದುಂಡು ತೂತಿಗೆ ಬಂದರೆ ಅದರ ಜೋರು ಕಮ್ಮಿಯಾಗುತ್ತದೆ. ಆಮೇಲೆ ಗ್ರೈಂಡರಿನಲ್ಲಿ ಸೀಳನ್ನು ಇಂಗ್ಲಿಷಿನ ವಿ ಅಕ್ಷರದ ಆಕಾರಕ್ಕೆ ತೋಡಿದರು. ಮೇಲೆ ಮೇಲೆ ಮೆತ್ತಿದರೆ ಒಳಗೆ ಸೀಳು ಹಾಗೇ ಇರುತ್ತಲ್ಲ. ವೆಲ್ಡಿಂಗ್ ರಾಡು 7018 ನಂಬರಿನದು. ಅದಕ್ಕೆ ತೇವ ತಾಗಬಾರದು, ಒಣಗಿಸಿಟ್ಟ ಡಬ್ಬದಿಂದ ಒಂದೊಂದೇ ತೆಗೆದರು.

ಶಾಮಣ್ಣ ವೆಲ್ಡಿಂಗನ್ನು ಒಂದೇ ಸಮ ಎಳೆಯಲಿಲ್ಲ. ಗಿಡ್ಡ ಗಿಡ್ಡ ಎಳೆ, ನಡುವೆ ಬಿಡುವು. ಬಿಸಿ ಒಂದೇ ಕಡೆ ಸೇರಿದರೆ ತೊಲೆ ಎಳೆದುಕೊಂಡು ಸೊಟ್ಟಗಾಗುತ್ತದೆ. ತೊಲೆಯ ಕೆಳ ಅಂಚಿಗೆ ಅಡ್ಡಲಾಗಿ ಒಂದು ಎಳೆಯನ್ನೂ ಹಾಕಲಿಲ್ಲ. ಬಾಗುವ ಒತ್ತಡ ಜಾಸ್ತಿ ಬೀಳೋದು ಅಲ್ಲೇ.

ಬೆಂಕಿ ಕಾಯುವ ಕೆಲಸ ಗುಂಡನದ್ದು. ಎರಡನೇ ಎಳೆಗೇ ಕೂಗಿದ. "ಶಾಮಣ್ಣ, ಹೊಗೆ!" ತೊಲೆ ಪೆಟ್ಟಿಗೆ ಆಕಾರದ್ದು, ಒಳಗೆ ಪೊಳ್ಳು. ಅದರೊಳಗೆ ಇಷ್ಟು ವರ್ಷದ ಮಣ್ಣು, ಒಣಗಿದ ಎಲೆ, ಕಡ್ಡಿ. ನೀರು ಹೊಯ್ದು, ಕೆಲಸ ನಿಲ್ಲಿಸಿ, ಕಂಬಿ ಹಾಕಿ ಕೆದಕಿದರೆ ಬಕೆಟ್ ತುಂಬಿತು. ತುಕ್ಕು ಒಳಗಿನಿಂದಲೇ ತಿನ್ನುತ್ತಿದ್ದದ್ದು ಯಾಕೆ ಅಂತಲೂ ಗೊತ್ತಾಯಿತು. ಶಾಮಣ್ಣ ತೊಲೆಯುದ್ದಕ್ಕೂ ಸುತ್ತಿಗೆಯಲ್ಲಿ ತಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ ಟಣ್, ಬಡವಾಗಿದ್ದಲ್ಲಿ ಡಬ್. ಪುಣ್ಯಕ್ಕೆ ಡಬ್ ಎಲ್ಲೂ ಬರಲಿಲ್ಲ. ನಾಣಿ ಬಕೆಟ್ಟಿನ ಮಣ್ಣನ್ನು ಬೆರಳಲ್ಲಿ ಮುಟ್ಟಿ, "ಇದು ಆ ನದಿ ದಾಟಿದಾಗಿಂದು ಕಣ್ರೋ" ಅಂದ. ಎಸೆಯೋಕೆ ಮನಸ್ಸಿಲ್ಲ!

ಆಮೇಲಿನದು ಬೇಗ ಮುಗಿಯಿತು. ಹ್ಯಾಂಗರಿನ ಸೀಳಿಗೂ ಅದೇ ಉಪಚಾರ. ದುಂಡು ತುದಿಯ ತೆಳ್ಳನೆ ಪ್ಲೇಟು, ಪ್ರೈಮರು, ಬಣ್ಣ, ತೊಲೆಯೊಳಗೆ ಮೇಣದ ಸ್ಪ್ರೇ. ಅಳತೆಗೆ ತಕ್ಕ ಶಾಕ್ ಬಂದ ಮೇಲೆ ಜೋಡಿಸುವಾಗ ಒಂದೇ ಜಗಳ. ಗಾಡಿ ಸ್ಟ್ಯಾಂಡ್ ಮೇಲಿರುವಾಗಲೇ ಪಾಟಾ ಬುಷ್ಷಿನ ಬೋಲ್ಟು ಬಿಗಿಯಲು ನಾಣಿ ಅವಸರಪಟ್ಟ. ಶಾಮಣ್ಣ ಸ್ಪ್ಯಾನರ್ ಕಿತ್ತುಕೊಂಡರು. ಚಕ್ರ ನೆಲಕ್ಕೆ ಕೂತು ಭಾರ ಬಿದ್ದ ಮೇಲೇ ಬಿಗಿಯಬೇಕು. ಇಲ್ಲದಿದ್ದರೆ ಬುಷ್ಷಿನ ರಬ್ಬರು ನಿಂತಲ್ಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ.

"ಸ್ವಲ್ಪ ಓಡಿಸಿ, ಪಾಟಾನ ಆಕ್ಸಲ್ಲಿಗೆ ಕಟ್ಟಿರೋ ಯು ಬೋಲ್ಟುಗಳನ್ನ ಇನ್ನೊಂದು ಸಲ ಬಿಗಿ" ಅಂತ ಹೇಳಿ ಕೈ ಒರೆಸಿಕೊಂಡರು.

ನಾಣಿ ಹೊಸ ಶಾಕನ್ನು ನೋಡುತ್ತಾ ನಿಂತ. "ಶಾಮಣ್ಣ, ಈಗ ಶಾಕ್ ಉದ್ದ ಆಯ್ತಲ್ಲ. ಇನ್ನೆರಡು ಇಂಚು ಎತ್ತಬಹುದಲ್ವಾ?"

"ಎತ್ತು" ಅಂದಳು ಸುಮಾ. "ಬ್ರೇಕ್ ಹೋಸ್ ಉದ್ದ ಸಾಲಲ್ಲ. ಎಂಜಿನ್ನಿನ ಬಲ ಆಕ್ಸಲ್ಲಿಗೆ ಒಯ್ಯೋ ಪ್ರೊಪೆಲ್ಲರ್ ಶಾಫ್ಟಿನ ಕೋನ ಜಾಸ್ತಿಯಾಗಿ ಅದರ ಕ್ರಾಸ್ ಕೀಲು ಹೋಗುತ್ತೆ. ಆಮೇಲೆ ಅದನ್ನೂ ರಿಪೇರಿ ಮಾಡಿಸು."

"ಅದಕ್ಕೇನು, ಶಾಮಣ್ಣ ಇದಾರಲ್ಲ" ಅಂತ ನಾಣಿ ತಿರುಗಿ ನೋಡಿದ.

ಶಾಮಣ್ಣ ಡಬ್ಬ ಎತ್ತಿಕೊಂಡು ಆಗಲೇ ಗೇಟು ದಾಟಿದ್ದರು.